ಆನೆಗೊಂದಿಯಲ್ಲಿ ಬಾಳೆನಾರಿನ ಬೆಳಗು

ಹಂಪಿಯ ಎದುರು ದಡದ ಆನೆಗೊಂದಿಯಲ್ಲಿ ಬಾಳೆಗೇನೂ ಬರವಿಲ್ಲ. ಗೊನೆ ಕಡಿದ ಮೇಲೆ ದಿಂಡು ಬೇಡದ ವಸ್ತು. 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್‌ನ ಕೆಲಸದಿಂದ ಅದೇ ದಿಂಡಿನ ಪಟ್ಟೆ ಊರಿನ ಹೆಣ್ಣುಮಕ್ಕಳ ಕೈಯಲ್ಲಿ ಹುರಿಯಾಗಿ, ಚೀಲ, ಬುಟ್ಟಿಯಾಗಿ ಮಾರಾಟಕ್ಕೆ ಬಂತು. ಪ್ರವಾಸಿಗಳನ್ನು ಕೂರಿಸಿ ಈ ಕೆಲಸ ಕಲಿಸುವ ಬೆಳಗಿಗೆ ತಯಾರಿ ವಾರದ ಮುಂಚೆಯೇ ಆಗಬೇಕು.

ದಿಂಡಿನ ಪಟ್ಟೆ ಬಿಡಿಸಿ, ಎರಡು ಬೆರಳಗಲಕ್ಕೆ ಉದ್ದುದ್ದ ಸೀಳಿ, ಬಿಸಿಲಿಗೆ ಬಿಡಿಬಿಡಿಯಾಗಿ ಹರವಬೇಕು. ಹಸಿಯಿದ್ದಾಗಲೇ ರಾಶಿ ಹಾಕಿದರೆ ಬೂಸು ಹಿಡಿದು ಕಪ್ಪು ಕಲೆ ಉಳಿಯುತ್ತದೆ. ಮಳೆಗಾಲಕ್ಕೆ ಬೇಕಾದ ಪಟ್ಟೆಯನ್ನು ಬೇಸಿಗೆಯಲ್ಲೇ ಒಣಗಿಸಿಡುವುದು ಜಾಣತನ.

ಹೊಸೆಯುವ ಮುನ್ನ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಅರ್ಧ ಗಂಟೆ ಸುತ್ತಿಡಬೇಕು. ಒಣ ಪಟ್ಟೆ ಮುರಿಯುತ್ತದೆ. ತೀರ ನೆನೆದದ್ದನ್ನು ಹೊಸೆದರೆ ಆರಿದ ಮೇಲೆ ಕುಗ್ಗಿ ಹುರಿ ಸಡಿಲಾಗುತ್ತದೆ. ಹೊಸಬರು ಎಡವುವುದು ಮಾತ್ರ ತಿರುವಿನಲ್ಲಿ: ಎರಡು ಎಳೆಗಳನ್ನೂ ಬಲಕ್ಕೆ ತಿರುವಿದರೆ, ಜೋಡಿಸುವಾಗ ಎಡಕ್ಕೆ ಸುತ್ತಬೇಕು. ತಿರುವು, ಸುತ್ತು ಎರಡೂ ಒಂದೇ ದಿಕ್ಕಿಗಾದರೆ ಕೈಬಿಟ್ಟೊಡನೆ ಬಿಚ್ಚಿಕೊಳ್ಳುತ್ತದೆ. ಎರಡೂ ಎಳೆ ಒಂದೇ ಕಡೆ ಮುಗಿಯದಂತೆ, ಮೊದಲೇ ಒಂದರಲ್ಲಿ ಹೊಸ ಪಟ್ಟೆ ಸೇರಿಸಬೇಕು. ಇಲ್ಲದಿದ್ದರೆ ಹುರಿ ಅಲ್ಲೇ ಕಡಿಯುತ್ತದೆ.

ಮೊದಲ ದಿನಕ್ಕೆ ಚೀಲ ಬೇಡ, ಲೋಟ ಇಡುವ ದುಂಡು ಮ್ಯಾಟ್ ಸಾಕು. ಅರ್ಧ ಸೆಂಟಿಮೀಟರ್ ದಪ್ಪದ ಹುರಿಯನ್ನು ಸುರುಳಿ ಸುತ್ತಿ ಹೊಲಿದರೆ ಹತ್ತು ಸೆಂಟಿಮೀಟರ್ ಅಗಲಕ್ಕೆ ಸುಮಾರು 160 ಸೆಂಟಿಮೀಟರ್ ಬೇಕು. ಎರಡು ಮೀಟರ್ ಹೊಸೆದಿಟ್ಟರೆ ಕೊರತೆಯಾಗದು. ಬಿಗಿಯಾಗಿ ಎಳೆದು ಹೊಲಿದರೆ ಮ್ಯಾಟ್ ಬಟ್ಟಲಿನಂತೆ ಮೇಲೇಳುತ್ತದೆ, ಹಾಗಾಗಿ ನೆಲದ ಮೇಲಿಟ್ಟು ಹೊಲಿಯಬೇಕು.

ಕಲಿಸುವ ಒಬ್ಬ ಅಕ್ಕನಿಗೆ ನಾಲ್ಕು ಜನಕ್ಕಿಂತ ಹೆಚ್ಚು ಕೂರಿಸಬಾರದು, ಏಕೆಂದರೆ ಪ್ರತಿಯೊಬ್ಬರ ಬೆರಳು ಹಿಡಿದು ತಿದ್ದಬೇಕಾಗುತ್ತದೆ. ದುಡ್ಡಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಗಟ್ಟಿ: ಕಲಿಸಿದ ಹೊತ್ತಿಗೆ ಬೇರೆ, ಕೊಂಡ ವಸ್ತುವಿಗೆ ಬೇರೆ ಹಣ ಕೊಡಬೇಕು. "ಏನಾದರೂ ಕೊಳ್ಳುತ್ತಾರೆ ಬಿಡಿ" ಎಂದು ಬಿಟ್ಟಿ ಕಲಿಸಿದರೆ, ಆ ಎರಡು ಗಂಟೆ ಅಕ್ಕ ಹೊಸೆಯಬಹುದಾಗಿದ್ದ ಹುರಿಯ ಕೂಲಿ ಹೋದಂತೆಯೇ. ಗೈಡ್‌ಗೆ ಕಮಿಷನ್ ಕೊಡುವುದಿದ್ದರೆ ಅಕ್ಕನ ಪಾಲಿನಿಂದ ಕಳೆಯದೆ, ಮೊದಲೇ ದರದಲ್ಲಿ ಸೇರಿಸಿ ತಿಳಿಸಬೇಕು.

ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತ. ಬೇಸಿಗೆಯಲ್ಲಿ ಬಂಡೆಗಳು ಕಾದು ಮಧ್ಯಾಹ್ನ ಕೂರಲಾಗುವುದಿಲ್ಲ, ಏಳಕ್ಕೇ ಶುರು ಮಾಡಬೇಕು. ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟು ಹೊಳೆ ತುಂಬಿದಾಗ ತೆಪ್ಪ ನಿಲ್ಲುತ್ತದೆ. ಆಗ ಹಂಪಿ ಕಡೆಯಿಂದ ಬರುವವರು ಸೇತುವೆ ಸುತ್ತಿ ಬರಬೇಕು, ಅದಕ್ಕೆ ಹೊತ್ತು ಹೆಚ್ಚು ಇಟ್ಟುಕೊಂಡು ಹೊರಡಲಿ.