ಔಷಧದ ಅಣು ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ತಿಳಿಯುವುದು ಹೇಗೆ?

ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್ ಎಂಬ ಮಿದುಳಿನ ಪ್ರೋಟೀನಿನ ಮೇಲೆ ಕೆಲಸ ಮಾಡುತ್ತೇನೆ ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಕಣ್ಣಿಗೆ ಕಾಣದ ಔಷಧದ ಅಣು, ಕಣ್ಣಿಗೆ ಕಾಣದ ಪ್ರೋಟೀನಿಗೆ ಎಷ್ಟು ಗಟ್ಟಿಯಾಗಿ ಅಂಟಿದೆ ಎಂದು ಹೇಗೆ ಹೇಳುತ್ತೀರಿ? ನಿಜವೆಂದರೆ, ಆ ಔಷಧವನ್ನು ನಾವು ಅಳೆಯುವುದೇ ಇಲ್ಲ; ಅದು ಜಾಗ ಬಿಡಿಸಿದ ಇನ್ನೊಂದು ಅಣುವನ್ನು ಅಳೆಯುತ್ತೇವೆ.

ಈ ಪ್ರೋಟೀನು 630 ಅಮೈನೋ ಆಮ್ಲಗಳ ಸರಪಳಿ. ಜೀವಕೋಶದ ಪೊರೆಯನ್ನು 12 ಸಲ ದಾಟಿ ನಿಂತು, ನರಕೋಶಗಳು ಸಂದೇಶ ಸಾಗಿಸಲು ಹೊರಗೆ ಚೆಲ್ಲಿದ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಸೋಡಿಯಂನ ಬಲದಿಂದ ಒಳಗೆ ಎಳೆದುಕೊಳ್ಳುತ್ತದೆ. ಖಿನ್ನತೆಯ ಹಲವು ಮಾತ್ರೆಗಳು ಇದರ ನಡುವಿನ ಗೂಡಿನಲ್ಲಿ ಕೂತು ದಾರಿ ಕಟ್ಟುತ್ತವೆ. ಅಮೆರಿಕದ ಒರೆಗಾನ್‌ನಲ್ಲಿರುವ ಎರಿಕ್ ಗೌವೊ ಅವರ ಪ್ರಯೋಗಾಲಯ 2016ರಲ್ಲಿ ಪ್ಯಾರಾಕ್ಸೆಟಿನ್ ಎಂಬ ಅಂಥ ಒಂದು ಔಷಧ ಹಾಗೆ ಕೂತಿರುವ ರಚನೆಯನ್ನು ತೋರಿಸಿತು. ಅಲ್ಲಿಯೇ 2013ರಲ್ಲಿ ಹಣ್ಣುನೊಣದ ಡೋಪಮೀನ್ ಟ್ರಾನ್ಸ್‌ಪೋರ್ಟರ್‌ನ ರಚನೆಯನ್ನು ಬಿಡಿಸಿದವರಲ್ಲಿ ಒಬ್ಬರಾದ ಅರವಿಂದ್ ಪೆನ್ಮತ್ಸ ಅವರು ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ಕುಟುಂಬದ ಪ್ರೋಟೀನುಗಳ ಅಧ್ಯಯನವನ್ನು ಮುಂದುವರಿಸಿದ್ದಾರೆ. ಆದರೆ ರಚನೆಯಿಂದ ಅಣು ಎಲ್ಲಿ ಕೂತಿದೆ ಎಂದು ತಿಳಿಯುತ್ತದೆಯೇ ಹೊರತು ಎಷ್ಟು ಗಟ್ಟಿ ಎಂದಲ್ಲ.

ಅದಕ್ಕೆ, ವಿಕಿರಣ ಸೂಸುವ ಹೈಡ್ರೋಜನ್ ಆದ ಟ್ರಿಟಿಯಂ ಸೇರಿಸಿ ಗುರುತು ಹಾಕಿದ ಸಿಟಾಲೊಪ್ರಾಮ್ ಬೇಕು; ಅದೂ ಅದೇ ಗೂಡಿನಲ್ಲಿ ಕೂರುವ ಖಿನ್ನತೆಯ ಔಷಧ. ಟ್ರಾನ್ಸ್‌ಪೋರ್ಟರ್ ಇರುವ ಪೊರೆಯ ಚೂರುಗಳಿಗೆ ಇದನ್ನು ಒಂದೇ ಪ್ರಮಾಣದಲ್ಲಿ ಹಾಕಿ, ಪರೀಕ್ಷಿಸಬೇಕಾದ ಔಷಧವನ್ನು ಕೊಳವೆಯಿಂದ ಕೊಳವೆಗೆ ಹೆಚ್ಚಿಸುತ್ತಾ ಹೋಗುತ್ತೇವೆ. ಕೊನೆಗೆ ಎಲ್ಲವನ್ನೂ ಗಾಜಿನ ನಾರಿನ ಫಿಲ್ಟರ್ ಮೇಲೆ ಸೋಸಿ, ಮಂಜುಗಡ್ಡೆಯಷ್ಟು ತಣ್ಣಗಿನ ಬಫರ್‌ನಿಂದ ಕೆಲವೇ ಸೆಕೆಂಡುಗಳಲ್ಲಿ ತೊಳೆಯಬೇಕು. ತಡವಾದರೆ ಕೂತ ಅಣುಗಳೇ ಎದ್ದು ಹೋಗುತ್ತವೆ. ನಾಣ್ಯದಷ್ಟಗಲದ ಆ ಒದ್ದೆ ಬಿಲ್ಲೆಯನ್ನು ಮಿನುಗುವ ದ್ರವದಲ್ಲಿ ಮುಳುಗಿಸಿದರೆ, ಟ್ರಿಟಿಯಂನ ವಿಕಿರಣದಿಂದ ಏಳುವ ಒಂದೊಂದು ಮಿನುಗನ್ನೂ ಯಂತ್ರ ಎಣಿಸುತ್ತದೆ. ಪರೀಕ್ಷೆಯ ಔಷಧ ಹೆಚ್ಚಿದಷ್ಟೂ ಅದು ಸಿಟಾಲೊಪ್ರಾಮ್‌ನ ಜಾಗ ಬಿಡಿಸುವುದರಿಂದ ಮಿನುಗು ಕಡಿಮೆಯಾಗುತ್ತದೆ. ಫಿಲ್ಟರ್‌ಗೂ ಪೊರೆಯ ಕೊಬ್ಬಿಗೂ ಸುಮ್ಮನೆ ಮೆತ್ತಿಕೊಂಡ ಪಾಲನ್ನು ಬೇರೆ ಕೊಳವೆಗಳಲ್ಲಿ ಅಳೆದು ಕಳೆಯುತ್ತೇವೆ.

ಮಿನುಗು ಅರ್ಧಕ್ಕಿಳಿದ ಸಾಂದ್ರತೆ ಗುರುತು ಹಾಕಿದ ಅಣುವಿನ ಪ್ರಮಾಣವನ್ನೂ ಅವಲಂಬಿಸಿರುವುದರಿಂದ, ಚೆಂಗ್ ಮತ್ತು ಪ್ರೂಸಾಫ್ 1973ರಲ್ಲಿ ಕೊಟ್ಟ ಸೂತ್ರದಿಂದ ಅದನ್ನು ಸರಿಪಡಿಸಿದಾಗ ಸಿಗುವುದೇ ಕೆ-ಐ ಎಂಬ ಅಂಕಿ. ಅದು ಚಿಕ್ಕದಾದಷ್ಟೂ ಹಿಡಿತ ಬಿಗಿ.

ಈ ಅಂಕಿಯನ್ನು ನಂಬುವ ಮೊದಲು ನಾನು ನೋಡುವುದು ಸೋಸುವ ಮೊದಲು ಎಷ್ಟು ಹೊತ್ತು ಕಾದಿದ್ದಾರೆ ಎಂಬುದನ್ನು. ಕೆಲಸ ಕಲಿಯುವ ದಿನಗಳಲ್ಲಿ ಅರ್ಧ ಗಂಟೆಗೇ ಸೋಸಿದ್ದರಿಂದ ನನ್ನ ಪ್ಯಾರಾಕ್ಸೆಟಿನ್ ದುರ್ಬಲ ಔಷಧದಂತೆ ಕಂಡಿತ್ತು. ಮೂರು ಗಂಟೆ ಕಾದಾಗ ಅದೇ ಅಂಕಿ ಹಲವು ಪಟ್ಟು ಇಳಿಯಿತು. ಬಿಗಿಯಾಗಿ ಹಿಡಿಯುವ ಅಣು ಸಮತೋಲನಕ್ಕೆ ಬರಲು ಹೊತ್ತು ಬೇಕು. ಸೋಡಿಯಂ ಕಡಿಮೆಯಾದರೂ ಅಂಕಿ ಬದಲಾಗುತ್ತದೆ.

ಹಾಗಾದರೆ ಅಂಕಿ ಚಿಕ್ಕದಿರುವ ಮಾತ್ರೆಯೇ ಒಳ್ಳೆಯದೇ ಎಂದು ಕೇಳುತ್ತಾರೆ. ಇಲ್ಲ. ಇಪ್ಪತ್ತು ನಿಮಿಷಕ್ಕೆ ಅರ್ಧವಾಗುವ ವಿಕಿರಣಶೀಲ ಕಾರ್ಬನ್-11 ಸೇರಿಸಿದ ಅಣುವನ್ನು ಚುಚ್ಚಿ, ದೇಹದೊಳಗಿನ ಆ ವಿಕಿರಣವನ್ನು ಚಿತ್ರಿಸುವ ಪೆಟ್ ಸ್ಕ್ಯಾನ್‌ನಲ್ಲಿ ಜೀವಂತ ಮಿದುಳನ್ನೇ ನೋಡಿದಾಗ, ಕೆ-ಐ ಬೇರೆಬೇರೆಯಿರುವ ಐದು ಔಷಧಗಳು ತಮ್ಮ ತಮ್ಮ ಸಾಮಾನ್ಯ ಕನಿಷ್ಠ ಡೋಸಿನಲ್ಲಿ ಹೆಚ್ಚುಕಡಿಮೆ ಶೇಕಡಾ 80ರಷ್ಟು ಟ್ರಾನ್ಸ್‌ಪೋರ್ಟರ್‌ಗಳನ್ನು ತುಂಬಿದ್ದವು. ಅದಕ್ಕೆ ಬೇಕಾದ ಮಿಲಿಗ್ರಾಂ ಮಾತ್ರ ಎಲ್ಲಕ್ಕೂ ಒಂದೇ ಆಗಿರಲಿಲ್ಲ, ಅಷ್ಟೆ.