ಸ್ಕೌರಿಯಿಂದ ಲ್ಯಾಕ್ಸ್‌ಫರ್ಡ್‌ಗೆ: 300 ಕೋಟಿ ವರ್ಷದ ಕಲ್ಲಿನ ಜಾಡಿನಲ್ಲಿ

ಸ್ಕಾಟ್ಲೆಂಡಿನ ವಾಯವ್ಯ ಮೂಲೆಯಲ್ಲಿ ಉಲ್ಲಾಪೂಲ್ ದಾಟಿ ಉತ್ತರಕ್ಕೆ ಹೋದಂತೆ ಮರಗಳು ಕಡಿಮೆಯಾಗುತ್ತವೆ. ಬೂದು ಬಣ್ಣದ ಬೋಳು ದಿಬ್ಬಗಳು, ಅವುಗಳ ನಡುವೆ ಪುಟ್ಟ ಪುಟ್ಟ ಕೆರೆಗಳು. ಈ ಉಬ್ಬುತಗ್ಗುಗಳನ್ನು ಉಜ್ಜಿ ಕೆತ್ತಿದ್ದು ಹಿಮಯುಗದ ಹಿಮನದಿಗಳು. ಕಲ್ಲು ಮಾತ್ರ ಎಷ್ಟೋ ಹಳೆಯದು. ಇದೇ ಲೂಯಿಸಿಯನ್ ನೈಸ್. ನೈಸ್ ಅಂದರೆ ಭೂಮಿಯ ಆಳದ ಒತ್ತಡ, ಕಾವಿನಲ್ಲಿ ಮಾರ್ಪಟ್ಟು ಪಟ್ಟೆಪಟ್ಟೆಯಾದ ಕಲ್ಲು. ಇದರ ಹಳೆಯ ಭಾಗಗಳಿಗೆ ಸುಮಾರು 300 ಕೋಟಿ ವರ್ಷ. ಬ್ರಿಟನ್ನಿನಲ್ಲಿ ಇದಕ್ಕಿಂತ ಹಳೆಯ ಬಂಡೆಯಿಲ್ಲ.

ಮೊದಲು ನಿಂತಿದ್ದು ಲಾಕ್ ಅಸಿಂಟ್ ಸರೋವರದ ದಂಡೆಯಲ್ಲಿ. ಎದುರಿಗೆ ಕ್ವಿನಾಗ್ ಬೆಟ್ಟ. ಬುಡದಲ್ಲಿ ಉಬ್ಬುಉಬ್ಬಾದ ನೈಸ್, ಮೇಲೆ ಅಡ್ಡಡ್ಡ ಪದರಗಳ ಕಂದು ಮರಳುಗಲ್ಲು. ಎರಡೂ ಸೇರುವ ಗೆರೆ ನೆಟ್ಟಗಿಲ್ಲ, ಏರಿಳಿಯುತ್ತದೆ. ಸುಮಾರು 100 ಕೋಟಿ ವರ್ಷದ ಹಿಂದೆ ನದಿಗಳು ಮರಳು ತಂದು ಸುರಿಯುವಾಗ ಇಲ್ಲಿ ಆಗಲೇ ನೈಸ್‌ನ ಗುಡ್ಡ ಕಣಿವೆಗಳಿದ್ದವು. ಆ ನೆಲವೇ ಹಾಗೆಹಾಗೇ ಹೂತುಹೋಗಿ, ಈಗ ಮತ್ತೆ ಹೊರಬರುತ್ತಿದೆ. ಅಷ್ಟು ಹಳೆಯ ಬೆಟ್ಟಸಾಲನ್ನು ಕಾರಿನಿಂದ ಇಳಿದು ಸುಮ್ನೆ ನಿಂತು ನೋಡಬಹುದು!

ಕೈಲ್ಸ್ಕು ಸೇತುವೆ ದಾಟಿ ಸ್ಕೌರಿ ಊರಿಗೆ ಬಂದೆವು. ಸಮುದ್ರದಂಚಿನ ಬಂಡೆಯ ಮೇಲೆ ಕೂತ ಗೆಳೆಯ ಕೇಳಿದ: "ಇದು ಗ್ರಾನೈಟೇ ಅಲ್ವಾ?" ಖನಿಜಗಳು ಹೆಚ್ಚುಕಡಿಮೆ ಅವೇ ಇರಬಹುದು. ಆದರೆ ಇಲ್ಲಿ ಅವು ಬಿಳಿ, ಕಪ್ಪು ಪಟ್ಟೆಗಳಾಗಿ ಬೇರೆಬೇರೆಯಾಗಿವೆ. ಭೂಮಿಯ ಆಳದಲ್ಲಿ, ಭಾರೀ ಒತ್ತಡ ಮತ್ತು ಕಾವಿನಲ್ಲಿ, ಕಲ್ಲು ನಾದಿದ ಹಿಟ್ಟಿನಂತೆ ಬಾಗಿ ಮಡಚಿಕೊಂಡಿದೆ. ಅಷ್ಟು ಆಳದ ಕಲ್ಲು ಮೇಲೆ ಬರಬೇಕಾದರೆ ಅದರ ಮೇಲಿದ್ದ ಕಿಲೋಮೀಟರುಗಟ್ಟಲೆ ನೆಲ ಸವೆದುಹೋಗಿರಬೇಕು.

ನಾನು ಮುಖ್ಯವಾಗಿ ನೋಡಬೇಕೆಂದಿದ್ದು ಆ ಪಟ್ಟೆಗಳನ್ನು ಕತ್ತರಿಸಿಕೊಂಡು ಸಾಗುವ ಕಪ್ಪು ಗೋಡೆಗಳನ್ನು. ಇವು ಸ್ಕೌರಿ ಡೈಕ್‌ಗಳು. ಬಿರುಕುಗಳಿಗೆ ನುಗ್ಗಿದ ಶಿಲಾರಸ ತಣಿದು ಆದವು. ಹೆಚ್ಚಿನವು 240ರಿಂದ 200 ಕೋಟಿ ವರ್ಷ ಹಳೆಯವು. ಕತ್ತರಿಸಿದ್ದು ಹೊಸದು, ಕತ್ತರಿಸಿಕೊಂಡದ್ದು ಹಳೆಯದು. ಹಾಗಾಗಿ ಪಟ್ಟೆಗಳು ಡೈಕ್‌ಗಿಂತ ಮೊದಲೇ ಆಗಿದ್ದವು. ಆದರೆ ಲ್ಯಾಕ್ಸ್‌ಫರ್ಡ್ ಕಡೆಗೆ ಹೋದಂತೆ ಡೈಕ್‌ಗಳೂ ನೈಸ್ ಜೊತೆಗೇ ಹಿಂಡಿ, ಬಾಗಿ, ಪಟ್ಟೆಗಳಲ್ಲಿ ಬೆರೆತುಹೋಗುತ್ತವೆ. ಅಂದರೆ ಅವು ಹುಟ್ಟಿದ ಮೇಲೆ ಇನ್ನೊಮ್ಮೆ ಇಲ್ಲಿ ಎಲ್ಲವೂ ಕಾದು ಹಿಂಡಿದೆ. ಇದನ್ನು ಆಧಾರವಾಗಿಟ್ಟುಕೊಂಡು ಭೂವಿಜ್ಞಾನಿಗಳಾದ ಜಾನ್ ಸಟನ್ ಮತ್ತು ಜಾನೆಟ್ ವಾಟ್ಸನ್ 1951ರಲ್ಲಿ ಲೂಯಿಸಿಯನ್ ಇತಿಹಾಸವನ್ನು ಎರಡು ಭಾಗ ಮಾಡಿದರು: ಡೈಕ್‌ಗೆ ಮೊದಲಿನ ಸ್ಕೌರಿಯನ್, ಆಮೇಲಿನ ಲ್ಯಾಕ್ಸ್‌ಫರ್ಡಿಯನ್. ಇಲ್ಲಿನ ಕಲ್ಲಿನ ವಯಸ್ಸನ್ನು ಪ್ರಯೋಗಾಲಯದಲ್ಲಿ ಅಳೆಯುವ ಮೊದಲೇ, ಬರೀ ನಡೆದು, ನಕ್ಷೆ ಬರೆದು ಕಂಡುಕೊಂಡಿದ್ದು! ನನಗೆ ಇದಕ್ಕಿಂತ ಚೆಂದದ ಪತ್ತೇದಾರಿ ಕೆಲಸ ಗೊತ್ತಿಲ್ಲ.

ಲ್ಯಾಕ್ಸ್‌ಫರ್ಡ್ ಸೇತುವೆ ದಾಟಿ ಸ್ವಲ್ಪ ಮುಂದೆ ರಸ್ತೆಗಾಗಿ ಕಡಿದ ಬಂಡೆಯ ಗೋಡೆ ಸಿಗುತ್ತದೆ. ಬೂದು ನೈಸ್, ಅದರಲ್ಲಿ ಕಪ್ಪು ಪಟ್ಟಿ, ಎರಡನ್ನೂ ಸೀಳಿಕೊಂಡು ಹೋಗುವ ಗುಲಾಬಿ ಗ್ರಾನೈಟ್. ಗುಲಾಬಿಯದೇ ಕಿರಿಯದು, ಆದರೂ 170 ಕೋಟಿ ವರ್ಷಕ್ಕಿಂತ ಹಳೆಯದು. ಆ ದಿನ ಜಿಟಿಜಿಟಿ ಮಳೆ. ಒಳ್ಳೆಯದೇ ಆಯಿತು, ಒದ್ದೆ ಕಲ್ಲಿನಲ್ಲಿ ಬಣ್ಣ ಎದ್ದು ಕಾಣುತ್ತದೆ. ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ.

ಆಮೇಲೆ ಹಡಗು ಹತ್ತಿ ಲೂಯಿಸ್ ದ್ವೀಪಕ್ಕೂ ಹೋದೆವು. ಈ ಕಲ್ಲಿಗೆ ಹೆಸರು ಬಂದಿದ್ದು ಆ ದ್ವೀಪದಿಂದಲೇ. ಕ್ಯಾಲನಿಷ್‌ನಲ್ಲಿ ಸುಮಾರು 5000 ವರ್ಷದ ಹಿಂದೆ ಜನ ನೈಸ್ ಚಪ್ಪಡಿಗಳನ್ನು ವೃತ್ತಾಕಾರದಲ್ಲಿ ನಿಲ್ಲಿಸಿದ್ದಾರೆ. ನಡುವಿನದು 4.8 ಮೀಟರ್ ಎತ್ತರ. ಪ್ರವಾಸಿಗರು ಜಾಸ್ತಿ ಬರುವುದು ಇಲ್ಲಿಗೇ.

ಇದಕ್ಕಿಂತ ಹಳೆಯ ನೈಸ್ ಬೇರೆಡೆ ಇದೆ, ನಿಜ. ಗ್ರೀನ್‌ಲ್ಯಾಂಡಿನ ಇಟ್ಸಾಕ್ ನೈಸ್‌ನ ಕೆಲವು ಭಾಗಗಳಿಗೆ 380 ಕೋಟಿ ವರ್ಷ ದಾಟಿದೆ. ಕೆನಡಾದ ಅಕಾಸ್ಟಾ ನೈಸ್‌ಗೆ ಸುಮಾರು 403 ಕೋಟಿ. ಆದರೆ ಅಕಾಸ್ಟಾಕ್ಕೆ ರಸ್ತೆಯಿಲ್ಲ, ನೀರಿನ ಮೇಲೆ ಇಳಿಯುವ ವಿಮಾನವೇ ಬೇಕು. ಸ್ಕಾಟ್ಲೆಂಡಿನಲ್ಲಿ ಕಾರು ನಿಲ್ಲಿಸಿ ಕೈಯಿಂದಲೇ ಮುಟ್ಟಬಹುದು. ಹೋಗುವವರು ದಯವಿಟ್ಟು ಸುತ್ತಿಗೆ ಒಯ್ಯಬೇಡಿ. ಮತ್ತೆ, ಸ್ಕೌರಿ ನೋಡಿಯೇ ಲ್ಯಾಕ್ಸ್‌ಫರ್ಡ್‌ಗೆ ಹೋಗಿ. ಡೈಕ್ ನೆಟ್ಟಗಿದ್ದದ್ದನ್ನು ಮೊದಲು ಕಂಡರೆ ತಾನೇ ಅದು ಬಾಗಿದ್ದು ಗೊತ್ತಾಗುವುದು.