ಕೃಷ್ಣ ಗೆದ್ದನೋ, ಸೋತನೋ?

ಹತ್ತನೇ ಕ್ಲಾಸಿನ ಕನ್ನಡ ಪೇಪರ್ ತಿದ್ದಿದವರಿಗೆಲ್ಲ ಗೊತ್ತಿರುವ ಒಂದು ವಾಕ್ಯವಿದೆ. 'ಸಂದರ್ಭದೊಡನೆ ವಿವರಿಸಿ' ಅನ್ನುವ ಪ್ರಶ್ನೆಗೆ ಆಯ್ಕೆ, ಸಂದರ್ಭ, ಸ್ವಾರಸ್ಯ ಅಂತ ಮೂರು ಭಾಗ, ಮೂರು ಅಂಕ. ಮೊದಲೆರಡು ಬರೆದು ಮುಗಿಸಿ ಮೂರನೆಯದಕ್ಕೆ ಬಂದಾಗ ಮಕ್ಕಳು ಬರೆಯುವುದು ಇಷ್ಟೇ: 'ಕರ್ಣನ ಸ್ವಾಮಿನಿಷ್ಠೆಯು ಇಲ್ಲಿ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ.' ಕರ್ಣನ ಜಾಗಕ್ಕೆ ಶಬರಿ ಬಂದರೆ ಸ್ವಾಮಿನಿಷ್ಠೆ ಹೋಗಿ ಭಕ್ತಿ ಬರುತ್ತದೆ, ಲವ ಬಂದರೆ ವೀರತನ. ಉಳಿದದ್ದೆಲ್ಲ ಹಾಗೇ ಇರುತ್ತದೆ. ಅಂಕವೂ ಸಿಗುತ್ತದೆ. ಆದರೆ ಇಡೀ ಪ್ರಶ್ನೆಪತ್ರಿಕೆಯಲ್ಲಿ ಮಗು ತಾನಾಗಿ ಯೋಚಿಸಿ ಏನಾದರೂ ಹೇಳಬಹುದಾದ ಜಾಗ ಅದು. ಅಲ್ಲೇ ಅಚ್ಚು ಹೊಡೆದ ಹಾಗೆ ಒಂದೇ ಮಾತು ಕಂಡರೆ ನನಗೆ ಬೇಜಾರಾಗುತ್ತದೆ.

ನಾನು ಪಾಠ ಮಾಡುವುದು ತುಮಕೂರು ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ. ಪ್ರಥಮ ಭಾಷೆ ಕನ್ನಡಕ್ಕೆ ಒಟ್ಟು 125 ಅಂಕ. ಅದರಲ್ಲಿ 100 ಪರೀಕ್ಷೆಗೆ, 25 ಆಂತರಿಕ ಮೌಲ್ಯಮಾಪನಕ್ಕೆ. ಆ 25ಕ್ಕಾಗಿ ಮಾಡಿಸುವ ಚಟುವಟಿಕೆಗಳಲ್ಲಿ ಮಾತ್ರ ನಮಗೆ ಸ್ವಲ್ಪ ಕೈಯಾಡಿಸುವ ಅವಕಾಶ. ಸಾಮಾನ್ಯವಾಗಿ ಕವಿ ಪರಿಚಯದ ಚಾರ್ಟು, ಗಾದೆಗಳ ಸಂಗ್ರಹ, ಹೀಗೆ ಮುಗಿದುಹೋಗುತ್ತದೆ. ಆ ಸಲ ನಾನು ಬೇರೆ ಕೆಲಸ ಕೊಟ್ಟೆ.

ಪಠ್ಯದಲ್ಲಿದ್ದದ್ದು 'ಕೌರವೇಂದ್ರನ ಕೊಂದೆ ನೀನು', ಕುಮಾರವ್ಯಾಸ ಭಾರತದ ಉದ್ಯೋಗಪರ್ವದ ಭಾಗ. ಕೌರವ-ಪಾಂಡವರ ನಡುವಿನ ಸಂಧಾನ ಮುರಿದುಬಿದ್ದಿದೆ. ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಎಳೆದು ಕೂರಿಸಿಕೊಂಡು, ನೀನು ಕುಂತಿಯ ಮಗ, ಬಾ, ರಾಜ್ಯ ನಿನಗೇ ಕೊಡಿಸುತ್ತೇನೆ ಅನ್ನುತ್ತಾನೆ. ಕರ್ಣ ಒಲ್ಲೆ ಅನ್ನುತ್ತಾನೆ. ಪಾಠ ಮುಗಿದಿತ್ತು, ಪ್ರಸ್ತಾರ ಹಾಕಿಸಿದ್ದೂ ಆಗಿತ್ತು. ನಮ್ಮ ಮಕ್ಕಳಿಗೆ ಭಾಮಿನಿ ಷಟ್ಪದಿಯ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ ಕಣ್ಣು ಮುಚ್ಚಿದರೂ ಬರುತ್ತದೆ. ಪ್ರತಿ ಸಾಲನ್ನೂ ಅಳೆದಿದ್ದಾರೆ. ಆ ಸಾಲು ಅಲ್ಲಿ ಏನು ಮಾಡುತ್ತಿದೆ ಅಂತ ಯಾರೂ ಅವರನ್ನು ಕೇಳಿರಲಿಲ್ಲ.

ಒಂದು ಶನಿವಾರ ಬೆಳಗ್ಗೆ ಎರಡು ಪೀರಿಯಡ್ ಒಟ್ಟಿಗೆ ತೆಗೆದುಕೊಂಡು ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆದೆ. ಈ ಮಾತುಕತೆಯಲ್ಲಿ ಕೃಷ್ಣ ಗೆದ್ದನೋ, ಸೋತನೋ? ಒಂದು ಪುಟ ದಾಟಬಾರದು. ಮೊದಲ ವಾಕ್ಯದಲ್ಲೇ ನಿಮ್ಮ ತೀರ್ಮಾನ ಬರಬೇಕು. ಪದ್ಯದ ಸಾಲು ತೋರಿಸಬೇಕು, ಆ ಸಾಲೇ ಯಾಕೆ ಅಂತಲೂ ಹೇಳಬೇಕು. ಕಥೆ ಹೇಳುವಂತಿಲ್ಲ.

ಕೊನೆಯದಕ್ಕೆ ಗಲಾಟೆ ಎದ್ದಿತು. "ಕಥೆ ಹೇಳ್ದೆ ಇನ್ನೇನ್ ಬರಿಯೋದು ಮೇಡಂ?" "ಗೈಡಲ್ಲಿ ಈ ಪ್ರಶ್ನೆ ಇಲ್ವಲ್ಲ ಮೇಡಂ." ಇಲ್ಲ ಅಂತಲೇ ಕೇಳಿದ್ದು ಅಂದೆ. ಕಥೆ ನನಗೂ ಗೊತ್ತು, ನಿಮಗೂ ಗೊತ್ತು, ಹಳ್ಳಿಯಲ್ಲಿ ನಾಟಕ ನೋಡಿದ ಅಜ್ಜಿಗೂ ಗೊತ್ತು. ನನಗೆ ಗೊತ್ತಿಲ್ಲದೇ ಇರುವುದು ನೀವು ಏನು ಅಂದುಕೊಂಡಿರಿ ಅನ್ನುವುದು.

ಮೊದಲ ಅರ್ಧ ಗಂಟೆ ಬಹಳ ಜನ ಬರೆದದ್ದು ಒಂದೇ. 'ಕೃಷ್ಣ ಸೋತನು. ಏಕೆಂದರೆ ಕರ್ಣನು ಸ್ವಾಮಿನಿಷ್ಠನು.' ಕೆಳಗೆ ಒಂದು ಸಾಲು ತಂದು ಅಂಟಿಸಿದ್ದರು, ಅಲಂಕಾರಕ್ಕೆ ಹಾಕಿದ ಹೂವಿನ ಹಾರದ ಹಾಗೆ. ಸಾಲಿಗೂ ಮಾತಿಗೂ ನಂಟಿಲ್ಲ. ನಾನು ಡೆಸ್ಕಿನಿಂದ ಡೆಸ್ಕಿಗೆ ಓಡಾಡುತ್ತಾ ಒಂದೇ ಕೇಳುತ್ತಿದ್ದೆ: "ಎಲ್ಲಿದೆ? ತೋರಿಸು." ಬೈಯುವ ಧಾಟಿಯಲ್ಲಲ್ಲ, ನಿಜವಾಗಿಯೂ ನೋಡಬೇಕು ಅನ್ನುವ ಆಸೆಯಿಂದ. ಮಕ್ಕಳು ಬೆರಳಿಟ್ಟು ಹುಡುಕಲು ಶುರುಮಾಡಿದರು. ಪುಸ್ತಕ ಮುಚ್ಚಿ ಬರೆಯುವ ಅಭ್ಯಾಸವಾಗಿಹೋಗಿದೆ ಅವರಿಗೆ. ತೆರೆದಿಟ್ಟುಕೊಂಡು ಬರೆಯಬಹುದು ಅನ್ನುವುದೇ ದೊಡ್ಡ ಸಮಾಚಾರ.

ಹಿಂದಿನ ಬೆಂಚಿನ ಒಬ್ಬ ಹುಡುಗಿ, ಕ್ಲಾಸಿನಲ್ಲಿ ಬಾಯಿ ಬಿಡುವುದೇ ಅಪರೂಪ, ಒಂದು ಸಾಲು ಹಿಡಿದಳು. 'ರವಿಸುತನ ಕಿವಿಯಲಿ ಬಿತ್ತಿದನು ಭಯವ.' ರವಿಸುತ ಅಂದರೆ ಸೂರ್ಯನ ಮಗ, ಕರ್ಣ. ಅವಳ ಮನೆಯವರು ರಾಗಿ ಬೆಳೆಯುತ್ತಾರೆ. ಅವಳು ಬರೆದದ್ದು ಹೀಗೆ: 'ನಮ್ಮಪ್ಪ ಕೂರಿಗೆಯಲ್ಲಿ ಬಿತ್ತಿ ಬಂದ ದಿನ ಹೊಲ ನೋಡಿದರೆ ಬರೀ ಮಣ್ಣು ಕಾಣುತ್ತದೆ. ಕೃಷ್ಣ ಬಿತ್ತಿದ್ದೂ ಆಗಲೇ ಕಾಣಲಿಲ್ಲ. ಮುಂದಿನ ಪದ್ಯಗಳಲ್ಲಿ ಕೊರಳ ಸೆರೆ ಹಿಗ್ಗಿದಾಗ, ಕಣ್ಣೀರು ಬಂದಾಗ ಅದು ಮೊಳೆಯಿತು. ಬಾಯಲ್ಲಿ ಒಲ್ಲೆ ಅಂದರೂ ಒಳಗೆ ಬೆಳೆ ಬಂದಾಗಿತ್ತು. ಆದ್ದರಿಂದ ಕೃಷ್ಣ ಗೆದ್ದ.' ನಾನು ಎಷ್ಟೋ ವರ್ಷ ಆ ಪದ್ಯ ಪಾಠ ಮಾಡಿದ್ದೇನೆ. ಅಲ್ಲಿ ಬಿತ್ತಿದ್ದು ಇಲ್ಲಿ ಮೊಳೆತದ್ದು ಅಂತ ಎರಡು ಪದ್ಯಗಳನ್ನು ಜೋಡಿಸಿ ಹೇಳಿದವರು ನನ್ನ ಮುಂದೆ ಅವಳೇ ಮೊದಲು.

ಇನ್ನೊಬ್ಬ ಹುಡುಗ ಬೇರೆ ದಾರಿ ಹಿಡಿದ. ಕರ್ಣ ಅಳುತ್ತಾ ಮನಸ್ಸಿನಲ್ಲಿ ಅಂದುಕೊಳ್ಳುವ ಮಾತು 'ತನ್ನ ವಂಶವನರುಹಿ ಕೊಂದನು'. ಅಂದರೆ ಹುಟ್ಟು ತಿಳಿಸಿ ನನ್ನನ್ನೇ ಕೊಂದ ಅಂತ. ಆಮೇಲೆ ಕೃಷ್ಣನ ಎದುರು ಬಾಯಿಬಿಟ್ಟು ಹೇಳುವುದು 'ಕೌರವೇಂದ್ರನ ಕೊಂದೆ ನೀನು'. ಇವನ ಪ್ರಶ್ನೆ, ಮನಸ್ಸಿನಲ್ಲಿ ಸತ್ತವನು ತಾನು, ಹೇಳುವಾಗ ಯಾಕೆ ದುರ್ಯೋಧನನ ಹೆಸರು? ಉತ್ತರವನ್ನೂ ಅವನೇ ಬರೆದ. ತನ್ನ ನೋವನ್ನು ಕೃಷ್ಣನಿಗೆ ತೋರಿಸುವುದು ಕರ್ಣನಿಗೆ ಇಷ್ಟವಿಲ್ಲ, ಅದಕ್ಕೇ ಗೆಳೆಯನ ಹೆಸರಲ್ಲಿ ಹೇಳಿದ. ಜೊತೆಗೆ ಅದು ಸುಳ್ಳೂ ಅಲ್ಲ, ಯಾಕಂದರೆ ಕರ್ಣ ಹೋದರೆ ದುರ್ಯೋಧನ ಉಳಿಯುವುದಿಲ್ಲ. ಈ ಹುಡುಗನ ಕಾಗುಣಿತ ಸರಿ ಇಲ್ಲ, ಒತ್ತಕ್ಷರ ಎಲ್ಲೆಲ್ಲೋ ಬೀಳುತ್ತವೆ. ಪರೀಕ್ಷೆಯಲ್ಲಿ ಅವನು ಯಾವಾಗಲೂ ಹಿಂದೆ. ಆದರೆ ಇಂಥ ಓದು ಒಳ್ಳೊಳ್ಳೆ ವಿಮರ್ಶಕರಿಗೂ ಹೆಮ್ಮೆ ತರುವಂಥದ್ದು, ಇದನ್ನು ಪೂರ್ತಿ ನಂಬಿ ಹೇಳುತ್ತಿದ್ದೇನೆ.

ಎರಡನೇ ಪೀರಿಯಡ್ ಹೊತ್ತಿಗೆ ಬರೆಯುವುದು ನಿಂತು ಜಗಳ ಶುರುವಾಗಿತ್ತು, ನಾನೂ ತಡೆಯಲಿಲ್ಲ. ಸೋತ ಅನ್ನುವವರು 'ಮಹಿಯ ರಾಜ್ಯದ ಸಿರಿಗೆ ಸೋಲುವನಲ್ಲ' ಅನ್ನುವ ಸಾಲನ್ನು ಗಟ್ಟಿಯಾಗಿ ಓದಿದರು. ಸ್ಪಷ್ಟವಾಗೇ ಹೇಳಿದ್ದಾನಲ್ಲ, ಇನ್ನೇನು ಬೇಕು? ಗೆದ್ದ ಅನ್ನುವವರು ಅದೇ ಪದ್ಯದ ಮುಂದಿನ ಸಾಲಿಗೆ ಹೋದರು. ಹಗೆಗಳ ತಲೆ ಕಡಿದು ಒಡೆಯನಿಗೆ ಒಪ್ಪಿಸುತ್ತೇನೆ 'ಎಂಬೀ ಭರದೊಳಿರ್ದೆನು' ಅನ್ನುತ್ತಾನೆ. ಇದ್ದೆ ಅಂದಮೇಲೆ ಈಗ ಆ ಭರ ಇಲ್ಲ ಅಂತಲೇ ಅಲ್ವಾ? ಕೊನೆಗೆ 'ವೀರರೈವರ ನೋಯಿಸೆನು' ಅಂತ ಸೂರ್ಯನ ಮೇಲೆ ಆಣೆಯಿಟ್ಟೇ ಬಿಟ್ಟ. ರಥ ಹತ್ತಿದಾಗ ತಲೆ ತೆಗೆಯುವೆ ಅನ್ನುತ್ತಿದ್ದವನು ಇಳಿಯುವ ಹೊತ್ತಿಗೆ ನೋಯಿಸುವುದಿಲ್ಲ ಅನ್ನುತ್ತಿದ್ದಾನೆ. ಕೃಷ್ಣ ಬಂದದ್ದು ಇಷ್ಟಕ್ಕೇ ಅಂದರು. ಸೋತ ಅನ್ನುತ್ತಿದ್ದವರಲ್ಲಿ ಕೆಲವರು ಅಲ್ಲೇ ತಮ್ಮ ಮೊದಲ ವಾಕ್ಯ ಹೊಡೆದುಹಾಕಿದ್ದನ್ನು ನೋಡಿದೆ. ಬದಲಾಯಿಸಬಹುದಾ ಮೇಡಂ ಅಂತ ಕೇಳಿದರು. ಖಂಡಿತ, ಆದರೆ ಯಾವ ಸಾಲು ನಿಮ್ಮನ್ನು ಬದಲಾಯಿಸಿತು ಅಂತ ಬರೆಯಿರಿ ಅಂದೆ.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಒಬ್ಬ ಸಹೋದ್ಯೋಗಿ, ಚೆನ್ನಾಗಿದೆ, ಆದರೆ ಬೋರ್ಡ್ ಪರೀಕ್ಷೆಯಲ್ಲಿ ಇದಕ್ಕೆ ಎಲ್ಲಿ ಅಂಕ ಕೊಡ್ತಾರೆ ಅಂದರು. ನ್ಯಾಯವಾದ ಮಾತೇ. ರಿಸಲ್ಟ್ ಕಡಿಮೆಯಾದರೆ ಉತ್ತರ ಕೊಡಬೇಕಾದವರು ನಾವೇ. ನನ್ನ ಉತ್ತರ ಇಷ್ಟು: ಆ ಮೂರು ಅಂಕದಲ್ಲಿ ಒಂದು ಅಂಕ ಸ್ವಾರಸ್ಯದ್ದೇ ಅಲ್ವಾ? ಎರಡು ವಾಕ್ಯ ಸ್ವಂತದ್ದು ಬರೆದರೆ ಯಾವ ಮೌಲ್ಯಮಾಪಕರೂ ಕತ್ತರಿಸುವುದಿಲ್ಲ. ಇನ್ನು ಸುಮ್ನೆ ಬಾಯಿಪಾಠ ಮಾಡುವ ಹೊತ್ತಿನಲ್ಲಿ ಸ್ವಲ್ಪ ಇದಕ್ಕೆ ಕೊಟ್ಟರೆ ಪದ್ಯ ತಾನಾಗೇ ಬಾಯಿಗೆ ಬರುತ್ತದೆ. ಆ ಜಗಳ ಆಡಿದ ಮಕ್ಕಳಿಗೆ ಬಂದಿತ್ತು ಕೂಡ.

ಸಂಜೆ ಮನೆಯಲ್ಲಿ ಕೂತು ಎಲ್ಲ ಹಾಳೆ ಓದಿದೆ. ಅರ್ಧಕ್ಕಿಂತ ಜಾಸ್ತಿ ಕಥೆಯೇ ಇತ್ತು, ಅದು ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ಒಂದು ಹಾಳೆಯನ್ನು ಮಾತ್ರ ಎರಡು ಸಲ ಓದಿದೆ. ಅದನ್ನು ಬರೆದ ಇನ್ನೊಬ್ಬ ಹುಡುಗಿ, ಗೆದ್ದನೂ ಅಲ್ಲ, ಸೋತನೂ ಅಲ್ಲ ಅಂತ ಶುರುಮಾಡಿದ್ದಳು. ಕೃಷ್ಣ ಕುಂತಿಯ ಐದು ಮಂತ್ರಗಳ ಲೆಕ್ಕ ಹೇಳುವಾಗ 'ಮೊದಲಿಗ ನೀನು' ಅಂತ ಕರ್ಣನನ್ನೇ ಮೊದಲು ಎಣಿಸುತ್ತಾನೆ. ಕೊನೆಯಲ್ಲಿ ಕರ್ಣ 'ನಿನ್ನಯ ವೀರರೈವರ' ಅನ್ನುತ್ತಾನೆ. 'ನಿನ್ನ' ಐವರು. 'ಕೃಷ್ಣ ಇವನನ್ನು ಮೊದಲನೆಯವನಾಗಿ ಸೇರಿಸಿದ್ದ, ಇವನು ತನ್ನನ್ನು ತಾನೇ ಬಿಟ್ಟು ಎಣಿಸಿದ. ಐವರು ಉಳಿದರು ನಿಜ, ಆದರೆ ಲೆಕ್ಕದಲ್ಲಿ ಒಬ್ಬ ಕಮ್ಮಿ' ಅಂತ ಬರೆದಿದ್ದಳು. ಅದರ ಪಕ್ಕದಲ್ಲಿ 'ಸೋಮವಾರ ಇದನ್ನು ಕ್ಲಾಸಿನಲ್ಲಿ ಎದ್ದು ಓದು' ಅಂತ ಬರೆದೆ.